ಅರವತ್ತು ಮಿಡತೆ, ಒಂದು ಹಸಿರು

"ನಿನ್ನ ಆರ್ಮಿ ನೋಡೋಕೆ ಸಖತ್ತಾಗಿದೆ. ಆದರೆ ಇನ್ನೊಂದು ಸಲ ಆಡೋಕೆ ಮಾತ್ರ ಕರೀಬೇಡ ಮಾರಾಯ."

ಮೂರು ಗಂಟೆ ಎದುರು ನಿಂತು ಆಡಿದ ಗೆಳೆಯ ಡೈಸ್‌ಗಳನ್ನು ಡಬ್ಬಿಗೆ ತುಂಬಿಕೊಳ್ಳುತ್ತಾ ಹೇಳಿದ ಮಾತಿದು. ಐದು ರೌಂಡ್ ನಡೆಯಬೇಕಿದ್ದ ಆಟ ಎರಡನೇ ರೌಂಡಿಗೇ ನಿಂತಿತ್ತು. ಅವನು ಆಡಿದ್ದಕ್ಕಿಂತ, ನಾನು ಬೆರಳುದ್ದದ ಹುಳುಗಳನ್ನು ಒಂದೊಂದಾಗಿ ಸರಿಸುವುದನ್ನು ನೋಡುತ್ತಾ ನಿಂತದ್ದೇ ಜಾಸ್ತಿ. ಆ ಹುಳುಗಳಿಗೆ ಬಣ್ಣ ಹಚ್ಚೋಕೆ ನಾನು ಏಳು ತಿಂಗಳು ಕಳೆದಿದ್ದೆ. ಮಾತು ಚುಚ್ಚಿತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಇದೆ, ನನ್ನ ಆರ್ಮಿ ಥರಾನೇ.

ಗೊತ್ತಿಲ್ಲದವರಿಗೆ ಎರಡು ಮಾತು. ವಾರ್‌ಹ್ಯಾಮರ್ 40,000 ಅನ್ನೋದು ಟೇಬಲ್ ಮೇಲೆ ಪುಟ್ಟ ಬೊಂಬೆಗಳನ್ನು ನಿಲ್ಲಿಸಿ, ಟೇಪು ಹಿಡಿದು ಅಳೆದು, ಡೈಸ್ ಉರುಳಿಸಿ ಆಡುವ ಯುದ್ಧದಾಟ. ಬೊಂಬೆಗಳು ಬಿಡಿ ತುಂಡುಗಳಾಗಿ ಬರುತ್ತವೆ. ಅಂಟಿಸೋದು, ಬಣ್ಣ ಹಚ್ಚೋದು ಎಲ್ಲಾ ನಮ್ಮದೇ ಕೆಲಸ. ಗೇಮ್ಸ್ ವರ್ಕ್‌ಶಾಪ್ ಅನ್ನೋ ಇಂಗ್ಲೆಂಡಿನ ಕಂಪನಿ 1987ರಲ್ಲಿ ಇದರ ಮೊದಲ ಆವೃತ್ತಿ ತಂದಿತು. ನಾನು ಆಡುವ ಟಿರಾನಿಡ್ ಅನ್ನೋ ಹುಳುಗಳ ಸೈನ್ಯದ ಹೆಸರು ಆಗಲೇ ಅದರಲ್ಲಿತ್ತು. 1995ರಲ್ಲಿ ಅವಕ್ಕೇ ಅಂತ ಪ್ರತ್ಯೇಕ ನಿಯಮದ ಪುಸ್ತಕ ಬಂತು. ಕತೆ ಸರಳ. ಬೇರೆ ಗ್ಯಾಲಕ್ಸಿಯಿಂದ ಬಂದ ಹಸಿದ ಹಿಂಡು. ಒಂದು ಗ್ರಹಕ್ಕೆ ಇಳಿದರೆ ಗಿಡ, ಪ್ರಾಣಿ, ಮನುಷ್ಯರು, ಸಮುದ್ರ ಎಲ್ಲವನ್ನೂ ನುಂಗಿ ಬರೀ ಬಂಡೆ ಬಿಟ್ಟು ಹೋಗುತ್ತದೆ. ಅವುಗಳಿಗೆ ಬೇರೆ ಬೇರೆ ಮನಸ್ಸಿಲ್ಲ. ಎಲ್ಲಕ್ಕೂ ಸೇರಿ ಒಂದೇ ಮನಸ್ಸು.

ಈ ಹಿಂಡುಗಳಿಗೆ ಕಂಪನಿಯೇ ಕೊಟ್ಟ ಬಣ್ಣಗಳಿವೆ. ಬೆಹೆಮತ್ ಅನ್ನೋ ಹಿಂಡು ಅಂದರೆ ಕೆಂಪು ಮೈ, ನೀಲಿ ಚಿಪ್ಪು. ಕ್ರಾಕನ್‌ಗೆ ಮೂಳೆ ಬಣ್ಣದ ಮೈ, ಕೆಂಪು ಚಿಪ್ಪು. ಲೆವಯಾಥನ್‌ಗೆ ಬಿಳಿಚಿದ ಮೈ, ನೇರಳೆ ಚಿಪ್ಪು. 2023ರಲ್ಲಿ ಹತ್ತನೇ ಆವೃತ್ತಿಯ ಜೊತೆ ಲೆವಯಾಥನ್ ಪೆಟ್ಟಿಗೆ ಬಂದ ಮೇಲಂತೂ ಎಲ್ಲಿ ನೋಡಿದರೂ ನೇರಳೆ. ಚೆನ್ನಾಗಿಯೇ ಕಾಣುತ್ತದೆ, ನನ್ನದೇನೂ ತಕರಾರಿಲ್ಲ. ಆದರೆ ನನಗೆ ನನ್ನದೇ ಅನ್ನೋ ಹಿಂಡು ಬೇಕಿತ್ತು.

ಥೀಮ್ ಆರ್ಮಿ, ಅಂದರೆ ಒಂದೇ ಕಲ್ಪನೆ ಹಿಡಿದು ಕಟ್ಟುವ ಸೈನ್ಯ, ಅಂದ ತಕ್ಷಣ ನಮ್ಮಲ್ಲಿ ತುಂಬಾ ಜನ ಮೊದಲು ಕತೆ ಬರೆಯೋಕೆ ಕೂರುತ್ತಾರೆ. ಹಿಂಡು ಎಲ್ಲಿಂದ ಬಂತು, ಯಾವ ಗ್ರಹ ತಿಂದಿತು, ಯಾರ ಕೈಯಲ್ಲಿ ಸೋತಿತು. ನಾನೂ ಮೂರು ಪುಟ ಬರೆದೆ. ಇದುವರೆಗೆ ಅದನ್ನು ಓದಿದವರು ಒಬ್ಬರೇ, ಅದೂ ನಾನು, ಕಾಗುಣಿತ ತಿದ್ದೋಕೆ. ಎದುರು ನಿಂತವನಿಗೆ ಆ ಮೂರು ಪುಟದಿಂದ ಏನಾಗಬೇಕು ಹೇಳಿ. ಅವನಿಗೆ ಕಾಣೋದು ಟೇಬಲ್ ಮಾತ್ರ. ಮೂರಡಿ ದೂರದಿಂದ ನೋಡಿದವನಿಗೆ ನಾವು ಬಾಯಿ ಬಿಡದೆಯೇ ಥೀಮ್ ಗೊತ್ತಾಗಬೇಕು ಅನ್ನೋದು ನನ್ನ ವಾದ. ಬಣ್ಣದಲ್ಲಿ ಕಾಣಬೇಕು, ಆಮೇಲೆ ಆಟದಲ್ಲೂ ಕಾಣಬೇಕು. ಈ ಎರಡನೆಯದನ್ನು ಕಲಿಯೋಕೆ ನನಗೆ ಆ ಗೆಳೆಯನ ಬೈಗುಳ ಬೇಕಾಯಿತು.

ನಾನು ಆರಿಸಿಕೊಂಡದ್ದು ಮರುಭೂಮಿ ಮಿಡತೆ. ಈ ಹುಳುವಿನ ಸ್ವಭಾವ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು. ಒಂಟಿಯಾಗಿ ಬೆಳೆದ ಮಿಡತೆ ಮರಿ ಹಸಿರು. ತನ್ನ ಪಾಡಿಗೆ ತಾನಿರುತ್ತದೆ, ಇನ್ನೊಂದು ಮಿಡತೆ ಕಂಡರೆ ದೂರ ಸರಿಯುತ್ತದೆ. ಮೇವು ಕಡಿಮೆಯಾಗಿ ಎಲ್ಲಾ ಒಂದೇ ಕಡೆ ಸೇರಬೇಕಾಗಿ ಬಂದಾಗ ಒಂದರ ಹಿಂಗಾಲಿಗೆ ಇನ್ನೊಂದು ಪದೇ ಪದೇ ತಾಗುತ್ತದೆ. ಅಷ್ಟೇ ಸಾಕು. ಮೈಯಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕ ಏರಿ ಕೆಲವೇ ಗಂಟೆಗಳಲ್ಲಿ ಗುಣ ಬದಲಾಗುತ್ತದೆ, ದೂರ ಓಡುತ್ತಿದ್ದದ್ದು ಗುಂಪಿಗೆ ಬಂದು ಸೇರುತ್ತದೆ. ಮುಂದೆ ಪೊರೆ ಬಿಡುತ್ತಾ ಹೋದ ಹಾಗೆ ಬಣ್ಣವೂ ಬದಲಾಗಿ ಹಳದಿ-ಕಪ್ಪು ಆಗುತ್ತದೆ. ವಲಸೆ ಮಿಡತೆಯ ಈ ಎರಡು ರೂಪಗಳನ್ನು ಮೊದಲು ಎರಡು ಬೇರೆ ಜಾತಿ ಅಂತಲೇ ಎಣಿಸಿದ್ದರು. ಎರಡೂ ಒಂದೇ ಅಂತ 1921ರಲ್ಲಿ ತೋರಿಸಿದ್ದು ಬೋರಿಸ್ ಉವರೋವ್ ಎಂಬ ಕೀಟ ವಿಜ್ಞಾನಿ. ಹಿಂಡು ಸೇರಿದ ಮೇಲೆ ಒಂದು ಚದರ ಕಿಲೋಮೀಟರಿನಲ್ಲಿ ನಾಲ್ಕರಿಂದ ಎಂಟು ಕೋಟಿ ಮಿಡತೆ ಇರಬಹುದು. ಒಂದೊಂದೂ ದಿನಕ್ಕೆ ಹೆಚ್ಚುಕಮ್ಮಿ ತನ್ನ ತೂಕದಷ್ಟೇ ಮೇಯುತ್ತದೆ.

ಟಿರಾನಿಡ್‌ಗಳ ಸಿನ್ಯಾಪ್ಸ್ ಇದೇ ತಾನೇ? ದೊಡ್ಡ ಜೀವಿಗಳು ಹತ್ತಿರ ಇದ್ದರೆ ಸಣ್ಣವು ಒಂದೇ ಮನಸ್ಸಿನ ಭಾಗ. ಹತ್ತನೇ ಆವೃತ್ತಿಯ ನಿಯಮದಲ್ಲಿ ಸಿನ್ಯಾಪ್ಸ್ ಜೀವಿಯಿಂದ ಆರು ಇಂಚಿನೊಳಗೆ ಇರುವ ಯೂನಿಟ್ (ಒಟ್ಟಿಗೆ ಆಡುವ ಬೊಂಬೆಗಳ ಗುಂಪು) ಬ್ಯಾಟಲ್‌ಶಾಕ್ ಅನ್ನೋ ಧೈರ್ಯದ ಪರೀಕ್ಷೆಗೆ ಎರಡರ ಬದಲು ಮೂರು ಡೈಸ್ ಹಾಕುತ್ತದೆ. ಅಂದರೆ ಹೆದರಿ ಕೈಚೆಲ್ಲೋದು ಕಡಿಮೆ. ಸಾಲದ್ದಕ್ಕೆ ಹೆಚ್ಚಿನ ಟಿರಾನಿಡ್‌ಗಳಿಗೆ ಆರು ಕೈಕಾಲು, ಕೀಟದ ಹಾಗೇ. ಇಷ್ಟೆಲ್ಲಾ ತಾನಾಗಿ ಒದಗಿ ಬಂದ ಮೇಲೆ ಬೇರೆ ಥೀಮ್ ಯಾಕೆ ಹುಡುಕಲಿ?

ಬಣ್ಣಗಳ ಹಂಚಿಕೆಯೂ ತಾನಾಗಿಯೇ ಆಯಿತು. ನಲವತ್ತು ಹಾರ್ಮಗಾಂಟ್, ಇಪ್ಪತ್ತು ಟರ್ಮಗಾಂಟ್, ಇವು ನೆಲದ ಮೇಲೆ ಸಾಲುಗಟ್ಟಿ ಹೊರಟ ರೆಕ್ಕೆ ಇಲ್ಲದ ಮರಿಗಳು. ಹಳದಿ ಮೈ, ಕಪ್ಪು ಪಟ್ಟೆ. ಇಪ್ಪತ್ತು ಗಾರ್ಗಾಯ್ಲ್‌ಗಳಿಗೆ ರೆಕ್ಕೆ ಇದೆ. ಹಿಂಡಿನ ಮಿಡತೆಗೆ ರೆಕ್ಕೆ ಬಂದ ಹೊಸತರಲ್ಲಿ ಮೈ ಗುಲಾಬಿ ಇರುತ್ತದೆ, ಬಲಿತ ಮೇಲೆ ಹಳದಿಗೆ ತಿರುಗುತ್ತದೆ. ಹಾಗಾಗಿ ಅವು ಗುಲಾಬಿ. ರೆಕ್ಕೆ ಇರುವ ಹೈವ್ ಟೈರಂಟ್ ಹಿರಿತಲೆ, ಅದು ಅಚ್ಚ ಹಳದಿ. ಲಿಕ್ಟರ್ ಅಂತ ಒಂದಿದೆ. ಹಿಂಡಿಗಿಂತ ಮುಂಚೆ ಒಂಟಿಯಾಗಿ ಬಂದು ಅಡಗಿ ಕೂತು ಬೇಟೆಯಾಡುವ ಜೀವಿ. ಅದೊಂದನ್ನು ಮಾತ್ರ ಹಸಿರು ಮಾಡಿದೆ. ಮಿಡತೆ ಬಲ್ಲವರು ಇಲ್ಲಿ ನನ್ನನ್ನು ಹಿಡಿಯಬಹುದು. ಒಂಟಿ ಮಿಡತೆ ದೊಡ್ಡದಾದ ಮೇಲೆ ಹಸಿರು ಉಳಿಯಲ್ಲ, ಮರಳಿನ ಬಣ್ಣಕ್ಕೆ ಬರುತ್ತದೆ. ಗೊತ್ತು. ಟೇಬಲ್ ಮೇಲೆ ಎದ್ದು ಕಾಣಲಿ ಅಂತ ಬೇಕೆಂದೇ ಮಾಡಿದ ತಪ್ಪು ಅದು.

ಥೀಮ್ ಇಟ್ಟುಕೊಂಡರೆ ಕೆಲವು ಆಸೆ ಬಿಡಬೇಕಾಗುತ್ತದೆ. ಕಾರ್ನಿಫೆಕ್ಸ್ ನನಗೆ ತುಂಬಾ ಇಷ್ಟದ ಮಾಡೆಲ್, ಆದರೆ ಆನೆ ಗಾತ್ರದ ಗೂಳಿಗೆ ಮಿಡತೆ ಹಿಂಡಿನಲ್ಲಿ ಏನು ಕೆಲಸ? ಕಪಾಟಿನಲ್ಲೇ ಉಳಿಯಿತು. ಬೀಜದ ಹಾಗೆ ಬಾಂಬು ಎಸೆಯುವ ಬಯೋವೋರ್ ಕೂಡ ಹೊರಗೆ. ಅದನ್ನು ಬಿಟ್ಟಿದ್ದಕ್ಕೆ ಕೆಲವು ಆಟ ಸೋತಿದ್ದೇನೆ, ಅದು ನಿಜ. ಆದರೆ ಟರ್ಮಗಾಂಟ್‌ಗಳ ಬಂದೂಕಿನ ವಿಷಯದಲ್ಲಿ ಅದೃಷ್ಟ ಖುಲಾಯಿಸಿತು. ಫ್ಲೆಶ್‌ಬೋರರ್ ಅನ್ನೋ ಆ ಬಂದೂಕು ಹಾರಿಸೋದು ಗುಂಡಲ್ಲ, ಮಾಂಸ ಕೊರೆಯುವ ಜೀವಂತ ದುಂಬಿಗಳನ್ನು. ಕೀಟ ಕೀಟವನ್ನೇ ಎಸೆಯುತ್ತದೆ ಅಂದರೆ ನಾನ್ಯಾಕೆ ಬೇಡ ಅನ್ನಲಿ.

ಬರೀ ಐದಾರು ದೈತ್ಯರನ್ನೇ ತಂದು ನಿಲ್ಲಿಸುವ ಆರ್ಮಿಗೆ ಆಟಗಾರರು ನಿಡ್‌ಜಿಲ್ಲಾ ಅಂತಾರೆ. ಬಣ್ಣ ಹಚ್ಚೋಕೆ ಸುಲಭ, ಆಡೋಕೂ ಬೇಗ. ಅದನ್ನು ಆಡುವವರ ಮೇಲೆ ನನಗೆ ಕೋಪ ಇಲ್ಲ, ಸ್ವಲ್ಪ ಹೊಟ್ಟೆಕಿಚ್ಚಿದೆ. ಆದರೆ ಹಿಂಡು ಅಂದ ಮೇಲೆ ಹಿಂಡೇ ಇರಬೇಕು ಅನ್ನೋದು ನನ್ನ ಹಟ. ಅರವತ್ತನೇ ಹುಳು ಬಂದು ನಿಲ್ಲುವ ತನಕ ಅದು ಬರೀ ಗುಂಪು. ಅರವತ್ತನೆಯದು ನಿಂತಾಗ ಟೇಬಲ್ಲಿನ ಬಣ್ಣವೇ ಬದಲಾಗುತ್ತದೆ.

ಆದರೆ ಆ ಅರವತ್ತನ್ನು ಮುಗಿಸಬೇಕಲ್ಲ!

ಅಂಟಿಸುವ ಕೆಲಸದ ಬಗ್ಗೆ ಜಾಸ್ತಿ ಹೇಳಲ್ಲ. ಪ್ಲಾಸ್ಟಿಕ್ ಅಂಟು ಎರಡೂ ತುಂಡಿನ ಅಂಚು ಕರಗಿಸಿ ಒಂದು ಮಾಡುತ್ತದೆ, ಆಮೇಲೆ ಕೈತಪ್ಪಿ ಬಿದ್ದರೂ ಕಾಲು ಕಿತ್ತು ಬರಲ್ಲ. ಅದೇ ಬಳಸಿ. ಅಚ್ಚಿನ ಗೆರೆಗಳನ್ನು ಚಾಕುವಿನ ಬೆನ್ನಿನಿಂದ ಹೆರೆಯಬೇಕು. ನನಗೆ ಅದು ಶಿಕ್ಷೆ. ತಲೆ, ಬೆನ್ನು ಇವೆರಡರ ಗೆರೆ ಮಾತ್ರ ತೆಗೆದೆ, ಹೊಟ್ಟೆ ಕೆಳಗಿನದನ್ನು ದೇವರಿಗೆ ಬಿಟ್ಟೆ. ಮಿಡತೆಗೆ ಇರುವಂಥ ಮೀಸೆಗೆ ಹಳೇ ಬ್ರಶ್ಶಿನ ಕೂದಲು ಕತ್ತರಿಸಿ ಅಂಟಿಸಿದೆ. ಅರವತ್ತಕ್ಕೂ ಅಲ್ಲ, ಪ್ರತಿ ಹತ್ತರಲ್ಲಿ ಮುಂದೆ ನಿಲ್ಲುವ ಮೂರಕ್ಕೆ. ನೋಡುವ ಕಣ್ಣು ಉಳಿದ ಏಳಕ್ಕೂ ತಾನೇ ಮೀಸೆ ಇಟ್ಟುಕೊಳ್ಳುತ್ತದೆ.

ಹಳದಿಯ ಕತೆ ಮಾತ್ರ ಹೇಳಲೇಬೇಕು. ಹಳದಿ ಬಣ್ಣ ಕೆಳಗಿರುವುದನ್ನು ಸರಿಯಾಗಿ ಮುಚ್ಚಲ್ಲ. ಮೊದಲ ಹತ್ತಕ್ಕೆ ನಾನು ಅಭ್ಯಾಸಬಲದಿಂದ ಕಪ್ಪು ಪ್ರೈಮರ್, ಅಂದರೆ ಅಡಿಬಣ್ಣ, ಹೊಡೆದಿದ್ದೆ. ಅದರ ಮೇಲೆ ಹಳದಿ ಹಚ್ಚಿದರೆ ಕೊಳಕು ಹಸಿರು ಬಂತು. ಇನ್ನೊಂದು ಕೋಟು. ಇನ್ನೊಂದು. ಐದನೇ ಕೋಟಿಗೆ ಹಳದಿ ಬಂತು, ಆದರೆ ಅಷ್ಟರಲ್ಲಿ ಮುಖದ ಗೆರೆಗಳೆಲ್ಲಾ ಬಣ್ಣದಲ್ಲಿ ಮುಳುಗಿ ಹುಳುಗಳು ಕರಗಿದ ಮೇಣದ ಥರ ಕಾಣುತ್ತಿದ್ದವು. ಆ ಹತ್ತನ್ನು ಬಣ್ಣ ಕರಗಿಸುವ ದ್ರಾವಣದಲ್ಲಿ ನೆನೆಹಾಕಿ ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿದೆ. ಒಂದು ವಾರದ ಕೆಲಸ ಬಕೆಟ್ಟಿಗೆ ಹೋಯಿತು.

ಆಮೇಲೆ ಹಳೇ ಕೈಗಳು ಹೇಳುವ ಉಪಾಯ ಮಾಡಿದೆ. ಬಿಳಿ ಪ್ರೈಮರ್, ಅದರ ಮೇಲೆ ತೆಳ್ಳಗೆ ಗುಲಾಬಿ, ಅದರ ಮೇಲೆ ಹಳದಿ. ಗುಲಾಬಿಯ ಮೇಲೆ ಕೂತ ಹಳದಿಗೆ ಒಂಥರಾ ಬಿಸಿಲಿನ ಕಳೆ ಬರುತ್ತದೆ, ಎರಡೇ ಕೋಟಿಗೆ ಮುಗಿಯುತ್ತದೆ. ಬ್ರಶ್ ಕೈಯಲ್ಲಿ ಹಿಡಿದಿದ್ದಾಗಲೇ ತಲೆಗೆ ಹೊಳೆಯಿತು, ಮಿಡತೆಯೂ ಇದನ್ನೇ ಮಾಡುತ್ತದಲ್ಲಾ! ಮೊದಲು ಗುಲಾಬಿ, ಆಮೇಲೆ ಹಳದಿ. ಗಾರ್ಗಾಯ್ಲ್‌ಗಳಿಗಂತೂ ಅರ್ಧ ದಾರಿಯಲ್ಲೇ ಕೆಲಸ ನಿಲ್ಲಿಸಿದರಾಯಿತು. ಗುಲಾಬಿ ಕೋಟು, ರೆಕ್ಕೆ ಮೇಲೆ ಟೂತ್‌ಬ್ರಶ್ಶಿನಿಂದ ಸಿಡಿಸಿದ ಕಂದು ಚುಕ್ಕೆ, ಅಷ್ಟೇ. ಥೀಮ್ ನನಗೆ ಕೆಲಸ ಉಳಿಸಿಕೊಟ್ಟದ್ದು ಅದೊಂದೇ ಸಲ.

ಸಂದುಗಳಿಗೆ ಕಪ್ಪು ವಾಶ್, ಅಂದರೆ ನೀರಾದ ನೆರಳಿನ ಬಣ್ಣ, ಹಾಕಬೇಡಿ. ಹಳದಿ ಮೇಲೆ ಅದು ಮತ್ತೆ ಕೊಳಕು ಹಸಿರಾಗುತ್ತದೆ. ಕಂದು ಹಾಕಿ. ಬೆನ್ನಿನ ಪಟ್ಟೆಗೆ ಕಪ್ಪು, ಪಟ್ಟೆಯ ಅಂಚಿಗೆ ತೆಳುವಾಗಿ ಬೂದು. ಕಣ್ಣಿಗೆ ಒಂದು ಚುಕ್ಕೆ ಸಾಕು, ಆ ಚುಕ್ಕೆಯನ್ನೂ ನಾನು ನಲವತ್ತಕ್ಕೆ ಇಟ್ಟಿಲ್ಲ. ಕೊನೆಗೆ ಮ್ಯಾಟ್ ವಾರ್ನಿಶ್ ಮರೆಯಬೇಡಿ. ಅರವತ್ತನ್ನೂ ಒಂದೊಂದು ಆಟದಲ್ಲಿ ಹತ್ತಾರು ಸಲ ಕೈಯಲ್ಲಿ ಎತ್ತಿ ಇಡುತ್ತೀರಿ, ಅಂಚಿನ ಬಣ್ಣ ಬೆರಳಿಗೇ ಸವೆದು ಹೋಗುತ್ತದೆ.

ಒಂದು ಸಲಕ್ಕೆ ಹತ್ತೇ. ಈ ಲೆಕ್ಕ ಬಿಟ್ಟು ಇಪ್ಪತ್ತಕ್ಕೆ ಕೈ ಹಾಕಿದಾಗಲೆಲ್ಲಾ ನಾನು ಎರಡು ವಾರ ಮೇಜಿನ ಹತ್ತಿರ ಹೋಗಿಲ್ಲ. ಹತ್ತನ್ನು ಸಾಲಾಗಿ ನಿಲ್ಲಿಸಿ, ಹತ್ತಕ್ಕೂ ಒಂದೇ ಬಣ್ಣ, ಕೊನೆಯದು ಮುಗಿಯೋದರೊಳಗೆ ಮೊದಲನೆಯದು ಒಣಗಿರುತ್ತದೆ. ಬೇಜಾರಾಗುತ್ತದಾ? ತುಂಬಾ. ಮೂವತ್ತೈದರಿಂದ ನಲವತ್ತೈದರ ನಡುವೆ ನಾನು ಇಡೀ ಪೆಟ್ಟಿಗೆಯನ್ನು ಮಾರಿಬಿಡೋಣ ಅಂದುಕೊಂಡಿದ್ದೆ. ಆಗ ಲಿಕ್ಟರ್ ಕೈಗೆತ್ತಿಕೊಂಡೆ. ನಲವತ್ತು ಹಳದಿ ಹುಳುಗಳ ನಂತರ ಒಂದು ಹಸಿರು. ಒಂದು ಸಂಜೆ ಪೂರ್ತಿ ಅದೊಂದಕ್ಕೇ ಕೊಟ್ಟೆ, ಎಲೆಯ ನರದ ಹಾಗೆ ಗೆರೆ ಎಳೆದೆ. ಮಾರುವ ಯೋಚನೆ ಮತ್ತೆ ಬರಲಿಲ್ಲ.

ಬೊಂಬೆ ನಿಲ್ಲುವ ಅಡಿಬಿಲ್ಲೆ, ಅಂದರೆ ಬೇಸ್‌ಗಳಲ್ಲಿ ಒಂದು ಚೇಷ್ಟೆ ಮಾಡಿದ್ದೇನೆ. ಮುಂದೆ ನಡೆಯುವ ಹಾರ್ಮಗಾಂಟ್‌ಗಳ ಕಾಲಡಿಯಲ್ಲಿ ಹುಲ್ಲಿದೆ. ಹಿಂದೆ ಬರುವ ಟರ್ಮಗಾಂಟ್‌ಗಳ ಕಾಲಡಿಯಲ್ಲಿ ಹುಲ್ಲಿನ ಕೂಳೆ. ಕೊನೆಗೆ ಬರುವ ಟೈರಂಟ್‌ನ ಕೆಳಗೆ ಬರೀ ಕಲ್ಲು. ಹಿಂಡು ಮೇದುಕೊಂಡು ಬಂದಿದೆ ಅಂತ ಅರ್ಥ. ಡಿಸ್ಪ್ಲೇಗೆ ಇಟ್ಟಾಗ ಅದ್ಭುತ. ಆಟದಲ್ಲಿ ಎರಡನೇ ರೌಂಡಿಗೇ ಟೈರಂಟ್ ಹಾರಿ ಎಲ್ಲರಿಗಿಂತ ಮುಂದೆ ಹೋಗಿ ನಿಲ್ಲುತ್ತದೆ, ಹುಲ್ಲು ಹಿಂದೆ ಉಳಿಯುತ್ತದೆ.

ಈಗ ಆ ಗೆಳೆಯನ ಮಾತಿಗೆ ಬರುತ್ತೇನೆ. ಅವನ ಬೇಜಾರು ನನಗೆ ಅರ್ಥವಾಗೋಕೆ ಸ್ವಲ್ಪ ದಿನ ಹಿಡಿಯಿತು. ಬಣ್ಣ ಹಚ್ಚುವಾಗಿನ ಬೇಸರ ನಾನೇ ಬಯಸಿ ತಂದುಕೊಂಡದ್ದು. ಅದನ್ನು ಟೇಬಲ್ಲಿಗೆ ತಂದು ಅವನ ತಲೆಗೆ ಕಟ್ಟೋದು ಅನ್ಯಾಯ ಅಲ್ವಾ? ಹಿಂಡು ಅಂದರೆ ನುಗ್ಗಬೇಕು. ನನ್ನ ಹಿಂಡು ತೆವಳುತ್ತಿತ್ತು. ಹುಳು ಎಷ್ಟೇ ಚೆನ್ನಾಗಿ ಹಳದಿ ಇದ್ದರೂ, ಒಂದು ಸರದಿಗೆ ನಲವತ್ತು ನಿಮಿಷ ತೆಗೆದುಕೊಳ್ಳುವ ಮಿಡತೆ ಮಿಡತೆಯೇ ಅಲ್ಲ.

ಹಾಗಾಗಿ ಆಡುವ ರೀತಿ ಬದಲಿಸಿದೆ. ಹತ್ತು ಹತ್ತು ಹುಳು ಕೂರುವ ಹಾಗೆ ತೆಳು ಹಲಗೆಯ ಟ್ರೇ ಮಾಡಿದೆ. ಬಯಲಿನಲ್ಲಿ ಟ್ರೇ ಸಮೇತ ದೂಡೋದು, ಗೋಡೆ ಮರೆ ಬಂದಾಗ ಮಾತ್ರ ಬಿಡಿಯಾಗಿ ಇಡೋದು. ಹತ್ತನೇ ಆವೃತ್ತಿಯಲ್ಲಿ ಏಳು ಮತ್ತು ಅದಕ್ಕಿಂತ ಹೆಚ್ಚು ಮಾಡೆಲ್ ಇರುವ ಯೂನಿಟ್‌ನಲ್ಲಿ ಪ್ರತಿಯೊಂದೂ ತನ್ನ ಜೊತೆಯ ಇನ್ನೆರಡಕ್ಕೆ ಎರಡು ಇಂಚಿನೊಳಗೆ ಇರಬೇಕು ಅನ್ನೋ ನಿಯಮ ಇದೆ. ಟ್ರೇಯಲ್ಲಿ ಅದರ ಚಿಂತೆಯೇ ಇಲ್ಲ. ಮುಂದಿನ ಸಾಲಿನ ಮೂರನ್ನು ಅಳೆದು ಇಡುತ್ತೇನೆ, ಉಳಿದವನ್ನು ಅಂದಾಜಿನಲ್ಲಿ ಹಿಂದೆ ತುಂಬುತ್ತೇನೆ. ಶುರುವಿನಲ್ಲೇ ಎದುರಿನವನಿಗೆ ಇದನ್ನು ಹೇಳಿ ಒಪ್ಪಿಗೆ ಕೇಳುತ್ತೇನೆ. ಇದುವರೆಗೆ ಯಾರೂ ಬೇಡ ಅಂದಿಲ್ಲ. ಡೈಸ್ ಇಪ್ಪತ್ತರ ಲೆಕ್ಕದಲ್ಲಿ ಮೊದಲೇ ಎಣಿಸಿ ಬಟ್ಟಲಲ್ಲಿ ಇಟ್ಟಿರುತ್ತೇನೆ. ಮುಖ್ಯವಾಗಿ, ಅವನ ಸರದಿ ನಡೆಯುವಾಗಲೇ ನನ್ನದನ್ನು ಯೋಚಿಸಿ ಮುಗಿಸಿರುತ್ತೇನೆ. ಸತ್ತ ಹುಳುಗಳನ್ನು ಹಿಂದಿನ ಸಾಲಿನಿಂದ ತೆಗೆಯಲಾ, ಮುಂದಿನಿಂದಲಾ ಅಂತ ಗಲ್ಲಕ್ಕೆ ಕೈ ಇಟ್ಟು ಕೂರೋದನ್ನು ಪೂರ್ತಿ ಬಿಟ್ಟೆ.

ಜೊತೆಗೆ ನನಗೆ ನಾನೇ ಹಾಕಿಕೊಂಡ ಒಂದು ನಿಯಮವೂ ಇದೆ. ರೆಕ್ಕೆ ಬರದ ಮಿಡತೆಗಳು ದಂಡಾಗಿ ನಡೆಯುವುದಕ್ಕೆ ಒಂದು ಕಾರಣ ಹಿಂದಿನವುಗಳ ಬಾಯಿ ಅಂತ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ನಿಂತರೆ ಹಿಂದಿನದು ಕಚ್ಚುತ್ತದೆ, ಅದಕ್ಕೇ ಮುಂದಿನದು ನಡೆಯುತ್ತಲೇ ಇರುತ್ತದೆ. ಹಾಗಾಗಿ ನನ್ನ ಹಳದಿ ಹುಳುಗಳಲ್ಲಿ ಯಾವ ಯೂನಿಟ್ಟೂ ಒಂದು ಸರದಿಯೂ ನಿಂತಲ್ಲೇ ನಿಲ್ಲಬಾರದು. ಕೇಳೋಕೆ ದಡ್ಡತನ ಅನ್ನಿಸುತ್ತದೆ. ಆದರೆ ಇದರಿಂದ ಅರ್ಧ ಯೋಚನೆ ಕಡಿಮೆಯಾಯಿತು, ಆಟ ಬೇಗ ಸಾಗಿತು. ನಮ್ಮ ಕಡೆಯ ಆಬ್ಜೆಕ್ಟಿವ್ (ಹಿಡಿದಿಟ್ಟರೆ ಅಂಕ ಸಿಗುವ ಜಾಗ) ಕಾಯೋಕೆ ಯಾರಾದರೂ ನಿಲ್ಲಲೇಬೇಕಲ್ಲ ಅಂತ ಕೇಳುತ್ತೀರಿ. ಅದು ತೊಂದರೆಯೇ. ಅಲ್ಲಿರುವ ಟರ್ಮಗಾಂಟ್‌ಗಳು ಪ್ರತಿ ಸರದಿಗೆ ಒಂದು ಇಂಚು ಆಚೆ, ಮುಂದಿನ ಸರದಿಗೆ ಒಂದು ಇಂಚು ಈಚೆ ನಡೆಯುತ್ತವೆ.

ಆಟದ ನಡುವೆ ಒಂದು ಕ್ಷಣಕ್ಕಾಗಿ ಕಾಯುತ್ತಿರುತ್ತೇನೆ. ಶ್ಯಾಡೋ ಇನ್ ದಿ ವಾರ್ಪ್ ಅಂತ ಟಿರಾನಿಡ್‌ಗಳಿಗೆ ಒಂದು ಶಕ್ತಿ ಇದೆ. ಇಡೀ ಆಟಕ್ಕೆ ಒಂದೇ ಸಲ. ಅದನ್ನು ಬಿಟ್ಟಾಗ ಟೇಬಲ್ ಮೇಲಿರುವ ಎದುರಾಳಿಯ ಪ್ರತಿ ಯೂನಿಟ್ಟೂ ಬ್ಯಾಟಲ್‌ಶಾಕ್ ಪರೀಕ್ಷೆ ಎದುರಿಸಬೇಕು. ಸೋತವು ಆ ಹೊತ್ತಿಗೆ ಆಬ್ಜೆಕ್ಟಿವ್ ಹಿಡಿಯುವ ಬಲ ಕಳೆದುಕೊಳ್ಳುತ್ತವೆ. ಮಿಡತೆ ಹಿಂಡು ಬಂದಾಗ ಸೂರ್ಯ ಮಂಕಾಗುತ್ತದಲ್ಲ, ನನ್ನ ಕಣ್ಣಿಗೆ ಅದೇ ಕಾಣುತ್ತದೆ. ಗುಲಾಬಿ ಗಾರ್ಗಾಯ್ಲ್‌ಗಳೆಲ್ಲಾ ಮುಂದೆ ಇರುವ ಹೊತ್ತು ನೋಡಿ ಅದನ್ನು ಬಿಡುತ್ತೇನೆ. ಲೆಕ್ಕದ ಪ್ರಕಾರ ಅದಕ್ಕಿಂತ ಒಳ್ಳೆಯ ಸಮಯ ಎಷ್ಟೋ ಸಲ ಮೊದಲೇ ಸಿಕ್ಕಿರುತ್ತದೆ.

ಪೂರ್ತಿ ಬಣ್ಣ ಹಚ್ಚಿದ ಆರ್ಮಿ ತಂದರೆ ಹತ್ತು ಅಂಕ ಕೊಡುವ ಪದ್ಧತಿ ಹತ್ತನೇ ಆವೃತ್ತಿಯಲ್ಲಿದೆ, ಒಟ್ಟು ನೂರರಲ್ಲಿ. ಅದಕ್ಕೆ ಕೆಲವರು ಸಿಡುಕುತ್ತಾರೆ. ಬಣ್ಣ ಹಚ್ಚೋಕೆ ಸಮಯ, ಕೈ, ಕಣ್ಣು ಇಲ್ಲದವರಿಗೆ ಅದು ಸರಿ ಅಲ್ಲ ಅನ್ನೋದು ನಿಜ, ಗೆಳೆಯರ ನಡುವೆ ನಾನು ಆ ಹತ್ತನ್ನು ಎಣಿಸಲ್ಲ. ಏಳು ತಿಂಗಳ ಹಳದಿಗೆ ಹತ್ತು ಅಂಕ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಎರಡು ತಿಂಗಳ ಮೇಲೆ ಅದೇ ಗೆಳೆಯನನ್ನು ಮತ್ತೆ ಕರೆದೆ. ಬೇಡ ಅಂದ. "ಎರಡೂವರೆ ಗಂಟೆಯಲ್ಲಿ ಐದೂ ರೌಂಡ್ ಮುಗಿಸದಿದ್ದರೆ ನೀನೇ ಗೆದ್ದ ಹಾಗೆ" ಅಂದೆ. ಬಂದ. ಹತ್ತು ನಿಮಿಷ ಉಳಿದಿರುವಾಗ ಐದನೇ ರೌಂಡ್ ಮುಗಿಯಿತು. ನಾನು ಸೋತೆ, ಅದೂ ಸಣ್ಣ ಅಂತರದಲ್ಲೇನಲ್ಲ. ಅರವತ್ತರಲ್ಲಿ ಟೇಬಲ್ ಮೇಲೆ ಉಳಿದದ್ದು ಹನ್ನೊಂದು. ಮೂರನೇ ರೌಂಡಿನಲ್ಲಿ ಅವನು ಸುಮ್ನೆ ಬಗ್ಗಿ ಟೇಬಲ್ಲಿನ ಮೂಲೆ ನೋಡಿ, "ಇದೊಂದು ಯಾಕೋ ಹಸಿರು? ಹಳದಿ ಖಾಲಿಯಾಯ್ತಾ?" ಅಂದ.

ಇಷ್ಟು ದಿನದಲ್ಲಿ ಅದನ್ನು ಕೇಳಿದ ಮೊದಲನೆಯವನು ಅವನೇ. ಒಂಟಿ ಮಿಡತೆಯ ಕತೆ ಹೇಳಿದೆ, ಕಾಲಿಗೆ ಕಾಲು ತಾಗುವುದನ್ನೂ. ಪೂರ್ತಿ ಕೇಳಿದ. ಆಮೇಲೆ ತನ್ನ ಬಂದೂಕುಗಳನ್ನೆಲ್ಲಾ ಆ ಕಡೆ ತಿರುಗಿಸಿದ. ಲಿಕ್ಟರ್‌ಗೆ ಹನ್ನೆರಡು ಇಂಚಿನೊಳಗೆ ಬಂದವರು ಮಾತ್ರ ಗುರಿ ಇಡಬಹುದು ಅಂತ ನೆನಪಿಸಿದ್ದಕ್ಕೆ ಇನ್ನೊಂದು ಸಲ ಬೈದ.

ಆಟ ಮುಗಿಸಿ ಹೋಗುವಾಗ ತನ್ನ ಹಳೇ ಪೆಟ್ಟಿಗೆಯಲ್ಲಿ ಬಿದ್ದಿದ್ದ ಇನ್ನೊಂದು ಲಿಕ್ಟರ್ ಕೊಟ್ಟು ಹೋದ. ಅದನ್ನೂ ಹಸಿರು ಮಾಡಿದ್ದೇನೆ. ಈಗ ಹೊಸ ತಲೆನೋವು. ಇಬ್ಬರು ಒಂಟಿಗಳು ಪಕ್ಕಪಕ್ಕ ನಿಂತು ಕಾಲಿಗೆ ಕಾಲು ತಾಗಿದರೆ ನಿಯಮದ ಪ್ರಕಾರ ಇಬ್ಬರಿಗೂ ಹಳದಿ ಹಚ್ಚಬೇಕು. ಸದ್ಯಕ್ಕೆ ಅವೆರಡನ್ನೂ ಟೇಬಲ್ಲಿನ ಎರಡು ತುದಿಗೆ ಇಟ್ಟು ಆಡುತ್ತಿದ್ದೇನೆ.